ಯೆಹೂದಿಗಳ ತಾಯ್ನಾಡನ್ನು ಹೊರಗಿನವರು ಬೆಂಬಲಿಸಬೇಕೆ?

ಪ್ರಶ್ನೆ: ನನ್ನ ತಂಗಿ ಒಂಬತ್ತು ವರ್ಷಗಳಿಂದ ಇಸ್ರೇಲಿನಲ್ಲಿ ವೃದ್ಧೆಯೊಬ್ಬರ ಆರೈಕೆಯ ಕೆಲಸದಲ್ಲಿದ್ದಾಳೆ. ಅವಳು ಕಳುಹಿಸಿದ ಹಣದಲ್ಲೇ ನಮ್ಮ ಮನೆಯ ಸಾಲ ತೀರಿತು. ಅವಳು ನೋಡಿಕೊಳ್ಳುವ ಅಜ್ಜಿ ಎಳವೆಯಲ್ಲೇ ಹಿಟ್ಲರನ ಕಾಲದ ಹತ್ಯಾಕಾಂಡದಲ್ಲಿ ತಂದೆತಾಯಿಯನ್ನು ಕಳೆದುಕೊಂಡವರು. ನಮ್ಮ ಪ್ರಾರ್ಥನಾ ಕೂಟದಲ್ಲಿ ‘ಅದು ವಾಗ್ದತ್ತ ದೇಶ, ಬೆಂಬಲಿಸುವುದು ನಮ್ಮ ಕರ್ತವ್ಯ’ ಎನ್ನುತ್ತಾರೆ. ಅಲ್ಲಿ ಕಟ್ಟುತ್ತಿರುವ ಹೊಸ ಊರುಗಳಿಗೆಂದು ಹಣವನ್ನೂ ಎತ್ತುತ್ತಿದ್ದಾರೆ. ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಭಾವ ‘ಅದು ಇನ್ನೊಬ್ಬರ ಮನೆ ಕಿತ್ತು ಕಟ್ಟಿದ ದೇಶ, ಗಾಂಧೀಜಿಯೇ ಬೇಡ ಎಂದಿದ್ದರು’ ಎನ್ನುತ್ತಾರೆ. ಹೊರಗಿನವರಾದ ನಾವು ಯಾವ ಕಡೆ ನಿಲ್ಲಬೇಕು? (ಕಾರ್ಕಳದ ಓದುಗರು)

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಾಲ ತೀರಿಸಿದ ತಂಗಿ ಒಂದು ಕಡೆ, ಓದಿಕೊಂಡ ಭಾವ ಇನ್ನೊಂದು ಕಡೆ ಇರುವಾಗ ಇದು ನಿಮಗೆ ಬರೀ ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅದಕ್ಕೇ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಯೆಹೂದಿಗಳು ಆ ನೆಲದಲ್ಲಿ ಒಂದು ಜನಾಂಗವಾಗಿ, ಯಾರ ದಯೆಗೂ ಕಾಯದೆ, ನಿರ್ಭಯವಾಗಿ ಬಾಳುವುದನ್ನು ನೀವು ಮನಸಾರೆ ಬೆಂಬಲಿಸಬಹುದು, ನಾನು ಬೆಂಬಲಿಸುತ್ತೇನೆ. ಅದಕ್ಕಾಗಿ ಅಲ್ಲಿ ತಲೆತಲಾಂತರದಿಂದ ಇದ್ದವರು ಮನೆ ಖಾಲಿ ಮಾಡಬೇಕು, ಇಲ್ಲವೆ ಹಕ್ಕಿಲ್ಲದವರಾಗಿ ಬದುಕಬೇಕು ಎಂಬ ಮಾತಿಗೆ ಬೆಂಬಲ ಕೊಡಬೇಡಿ. ಹೊಸ ಊರುಗಳಿಗೆಂದು ಎತ್ತುವ ಹಣದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಎರಡು ಮಾತು ಒಂದೇ ಬಾಯಿಂದ ಹೇಗೆ ಬರುತ್ತವೆ ಎಂದು ಭಾವ ಕೇಳಿಯಾರು. ಮೂವತ್ತು ವರ್ಷ ಪಶ್ಚಿಮ ಏಷ್ಯಾದ ಇತಿಹಾಸ ಪಾಠ ಮಾಡಿದ ನನಗೆ ಈ ಪ್ರಶ್ನೆ ಬಂದಾಗಲೆಲ್ಲ 1899ರ ಮಾರ್ಚ್ 1ರ ಒಂದು ಕಾಗದ ನೆನಪಾಗುತ್ತದೆ. ಬರೆದವರು ಯೂಸುಫ್ ಜಿಯಾ ಅಲ್ ಖಾಲಿದಿ. ಜೆರುಸಲೇಮಿನ ಮೇಯರ್ ಆಗಿದ್ದವರು, ಆಗ ಆ ನೆಲವನ್ನು ಆಳುತ್ತಿದ್ದ ಒಟ್ಟೋಮನ್ ತುರ್ಕರ ಸಂಸತ್ತಿನ ಸದಸ್ಯರಾಗಿದ್ದವರು. ಯೆಹೂದಿಗಳಿಗೆ ಪ್ಯಾಲೆಸ್ಟೀನಿನಲ್ಲಿ ನೆಲೆ ಬೇಕೆಂಬ ಝಿಯೋನಿಸ್ಟ್ ಚಳವಳಿ ಬಾಸೆಲ್ ನಗರದಲ್ಲಿ ತನ್ನ ಮೊದಲ ಸಮ್ಮೇಳನ ನಡೆಸಿ ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಖಾಲಿದಿ ಫ್ರಾನ್ಸಿನ ಮುಖ್ಯ ರಬ್ಬಿಗೆ, ಅಂದರೆ ಯೆಹೂದಿ ಧರ್ಮಗುರುವಿಗೆ, ಫ್ರೆಂಚಿನಲ್ಲಿ ಬರೆದು, ಇದನ್ನು ಚಳವಳಿಯ ನಾಯಕ ಥಿಯೋಡೋರ್ ಹರ್ಜಲ್ ಅವರಿಗೆ ತಲುಪಿಸಿ ಎಂದು ಕೋರಿದರು. ಆ ಕಾಗದದಲ್ಲಿ ಅವರು ಯೆಹೂದಿಗಳಿಗೆ ಆ ನೆಲದೊಡನೆ ಇರುವ ನಂಟನ್ನು ಅಲ್ಲಗಳೆಯಲಿಲ್ಲ. ಚರಿತ್ರೆಯ ಲೆಕ್ಕದಲ್ಲಿ ಅದು ನಿಮ್ಮದೇ ನಾಡು, ಯಾರು ತಾನೇ ಇಲ್ಲವೆಂದಾರು ಎಂದೇ ಬರೆದರು. ಆದರೆ ಈಗ ಅಲ್ಲಿ ಬೇರೆ ಜನ ವಾಸವಾಗಿದ್ದಾರೆ, ದೇವರ ಹೆಸರಿನಲ್ಲಿ ಕೇಳುತ್ತೇನೆ, ಪ್ಯಾಲೆಸ್ಟೀನನ್ನು ಅದರ ಪಾಡಿಗೆ ಬಿಡಿ ಎಂದು ಬೇಡಿಕೊಂಡರು.

ಹರ್ಜಲ್ ಹದಿನೆಂಟೇ ದಿನಗಳಲ್ಲಿ ಸೌಜನ್ಯದಿಂದ ಉತ್ತರಿಸಿದರು. ಯೆಹೂದಿಗಳು ಬಂದರೆ ಬಂಡವಾಳ ಬರುತ್ತದೆ, ಅರಬರ ಜಮೀನಿನ ಬೆಲೆ ಏರುತ್ತದೆ, ಅವರನ್ನು ಕಳುಹಿಸುವ ಯೋಚನೆ ಯಾರಿಗೆ ತಾನೇ ಬಂದೀತು ಎಂಬುದು ಆ ಉತ್ತರದ ಸಾರ. ಎರಡೂ ಕಾಗದಗಳಲ್ಲಿ ಕೆಟ್ಟತನವಿಲ್ಲ. ನನ್ನ ಮನಸ್ಸು ಕಲಕುವುದೇ ಅದಕ್ಕೆ. ಒಬ್ಬರು ಹಕ್ಕಿನ ಮಾತು ಎತ್ತಿದರೆ ಇನ್ನೊಬ್ಬರು ಲಾಭದ ಮಾತಿನಲ್ಲಿ ಉತ್ತರ ಕೊಟ್ಟರು. ಮುಂದಿನ ನೂರಿಪ್ಪತ್ತು ವರ್ಷಗಳ ಜಗಳ ಆ ಎರಡು ಹಾಳೆಗಳಲ್ಲೇ ಇದೆ.

ಯೆಹೂದಿಗಳು ಸುಮ್ಮನೆ ಹೊರಟು ಬಂದವರೆಂದು ಭಾವ ತಿಳಿದಿದ್ದರೆ ಅದು ತಪ್ಪು. ಜೆರುಸಲೇಮ್, ಹೆಬ್ರಾನ್, ಸಫೇದ್, ತಿಬೇರಿಯಾಸ್ ಪಟ್ಟಣಗಳಲ್ಲಿ ಯೆಹೂದಿ ಮನೆತನಗಳು ಶತಮಾನಗಳಿಂದ ಇದ್ದವು. ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಪಸ್ಕ ಹಬ್ಬದ ಊಟದ ಕೊನೆಗೆ ‘ಬರುವ ವರ್ಷ ಜೆರುಸಲೇಮಿನಲ್ಲಿ’ ಎಂದು ಹೇಳಿಕೊಂಡು ಬಂದ ಜನ ಅವರು. ಹಾಗಿದ್ದರೂ ಸಾಮೂಹಿಕವಾಗಿ ಹೊರಡುವಂತೆ ಮಾಡಿದ್ದು ರಷ್ಯಾದ ಸಾಮ್ರಾಜ್ಯದ ದೊಂಬಿಗಳು. 1903ರಲ್ಲಿ ಕಿಷಿನೇವ್ ಪಟ್ಟಣದಲ್ಲಿ ಈಸ್ಟರ್ ಹಬ್ಬದ ಹೊತ್ತಿಗೆ ನೆರೆಹೊರೆಯವರೇ ಮನೆ ನುಗ್ಗಿ 49 ಯೆಹೂದಿಗಳನ್ನು ಕೊಂದರು. ಅದೇ ವರ್ಷ ಬ್ರಿಟಿಷ್ ಸರ್ಕಾರ, ಬೇಕಾದರೆ ಪೂರ್ವ ಆಫ್ರಿಕಾದಲ್ಲಿ ನೆಲೆಸಿ ಎಂದಿತು. ಇತಿಹಾಸದಲ್ಲಿ ‘ಉಗಾಂಡ ಯೋಜನೆ’ ಎಂದು ಹೆಸರಾದರೂ ಆ ಪ್ರಸ್ಥಭೂಮಿ ಇರುವುದು ಈಗಿನ ಕೀನ್ಯಾದಲ್ಲಿ. ಅಲ್ಲಿ ದನ ಮೇಯಿಸುತ್ತಿದ್ದ ಮಸಾಯಿ, ನಂದಿ ಜನರ ಅಭಿಪ್ರಾಯವನ್ನು ಕೇಳುವ ಯೋಚನೆ ಲಂಡನ್ನಿನಲ್ಲಿ ಯಾರಿಗೂ ಬರಲಿಲ್ಲ. 1905ರಲ್ಲಿ ಝಿಯೋನಿಸ್ಟ್ ಸಮ್ಮೇಳನವೇ ಅದನ್ನು ಬೇಡವೆಂದಿತು.

ಒಂದು ಸಂಗತಿಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. 1880ರ ದಶಕದಿಂದ ಮೊದಲ ಮಹಾಯುದ್ಧದವರೆಗೆ ಪೂರ್ವ ಯುರೋಪಿನಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಯೆಹೂದಿಗಳು ಗುಳೆ ಹೊರಟರು. ಅವರಲ್ಲಿ ಬಹುಪಾಲು ಜನ ಸೇರಿದ್ದು ಅಮೆರಿಕವನ್ನು. ಪ್ಯಾಲೆಸ್ಟೀನಿಗೆ ಬಂದವರು ಒಂದು ಸಣ್ಣ ಪಾಲು. ಅಮೆರಿಕದ ಬಾಗಿಲು ತೆರೆದಿದ್ದಷ್ಟು ಕಾಲ ಜೀವ ಉಳಿಸಿಕೊಳ್ಳಲು ಬಯಸಿದ ಸಾಮಾನ್ಯ ಯೆಹೂದಿ ಕುಟುಂಬ ಆ ಬಾಗಿಲಿಗೇ ಹೋಯಿತು. 1924ರ ಕಾಯಿದೆಯಿಂದ ಅಮೆರಿಕ ಆ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿತು.

ಈಗ 1917ರ ನವೆಂಬರ್ 2ಕ್ಕೆ ಬನ್ನಿ. ಬ್ರಿಟನ್ನಿನ ವಿದೇಶಾಂಗ ಮಂತ್ರಿ ಆರ್ಥರ್ ಬಾಲ್‌ಫೋರ್ ಅಲ್ಲಿನ ಯೆಹೂದಿ ಸಮುದಾಯದ ಮುಖಂಡ ಲಾರ್ಡ್ ರಾಥ್‌ಚೈಲ್ಡ್ ಅವರಿಗೆ ಒಂದು ಸಣ್ಣ ಪತ್ರ ಬರೆದರು. ಅದರ ತಿರುಳು ಇಂಗ್ಲಿಷಿನಲ್ಲಿ 67 ಪದಗಳು. ಪ್ಯಾಲೆಸ್ಟೀನಿನಲ್ಲಿ ಯೆಹೂದಿ ಜನರಿಗೆ ‘ರಾಷ್ಟ್ರೀಯ ನೆಲೆ’ಯೊಂದನ್ನು ಸ್ಥಾಪಿಸಲು ಸರ್ಕಾರ ಒಲವು ತೋರುತ್ತದೆ ಎಂಬುದು ಮೊದಲ ಮಾತು. ಅಲ್ಲಿರುವ ‘ಯೆಹೂದ್ಯೇತರ ಸಮುದಾಯ’ಗಳ ನಾಗರಿಕ ಮತ್ತು ಧಾರ್ಮಿಕ ಹಕ್ಕುಗಳಿಗೆ ಧಕ್ಕೆಯಾಗಬಾರದು ಎಂಬುದು ನಂತರದ ಮಾತು. ಪತ್ರವನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಓದಿ. ಆ ಹೊತ್ತಿಗೆ ಅಲ್ಲಿದ್ದ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಅರಬರು. 1922ರ ಜನಗಣತಿಯಲ್ಲೂ ಒಟ್ಟು 7,57,000 ಜನರಲ್ಲಿ ಯೆಹೂದಿಗಳು 84,000 ಮಾತ್ರ. ಆ ಒಂಬತ್ತು ಜನರ ಹೆಸರೇ ಪತ್ರದಲ್ಲಿಲ್ಲ. ಅವರನ್ನು ಗುರುತಿಸಿರುವುದು ‘ಏನಲ್ಲದವರು’ ಎಂಬುದರಿಂದ. ನಾಗರಿಕ ಹಕ್ಕು ಉಂಟು, ಧಾರ್ಮಿಕ ಹಕ್ಕು ಉಂಟು, ತಮ್ಮನ್ನು ತಾವು ಆಳಿಕೊಳ್ಳುವ ರಾಜಕೀಯ ಹಕ್ಕಿನ ಸೊಲ್ಲೇ ಇಲ್ಲ. ಪಾಠ ಮಾಡುವಾಗ ಈ ಪತ್ರವನ್ನು ಕರಿಹಲಗೆಯ ಮೇಲೆ ಪೂರ್ತಿ ಬರೆದು, ಏನು ಕಾಣೆಯಾಗಿದೆ ಹುಡುಕಿ ಎನ್ನುತ್ತಿದ್ದೆ. ಪ್ರತಿ ವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಕಂಡುಹಿಡಿಯುತ್ತಿದ್ದ.

ಇದೇ ಬಾಲ್‌ಫೋರ್ 1905ರಲ್ಲಿ ಪ್ರಧಾನಿಯಾಗಿದ್ದಾಗ ಅವರ ಸರ್ಕಾರ ವಿದೇಶಿಯರ ಕಾಯಿದೆ ತಂದಿತ್ತು. ರಷ್ಯಾದಿಂದ ಓಡಿ ಬರುತ್ತಿದ್ದ ಬಡ ಯೆಹೂದಿಗಳು ಇಂಗ್ಲೆಂಡಿಗೆ ಬಾರದಂತೆ ತಡೆಯುವುದೇ ಅದರ ಮುಖ್ಯ ಉದ್ದೇಶ. 1917ರ ಸಚಿವ ಸಂಪುಟದಲ್ಲಿದ್ದ ಏಕೈಕ ಯೆಹೂದಿ ಎಡ್ವಿನ್ ಮಾಂಟೆಗು, ನಮ್ಮ ಪಠ್ಯಪುಸ್ತಕಗಳ ಮಾಂಟೆಗು–ಚೆಲ್ಮ್‌ಸ್‌ಫರ್ಡ್ ಸುಧಾರಣೆಯ ಅದೇ ಭಾರತ ಮಂತ್ರಿ, ‘ಬಾಲ್‌ಫೋರ್ ಘೋಷಣೆ’ ಎಂದು ಹೆಸರಾದ ಆ ಪತ್ರವನ್ನು ಬಲವಾಗಿ ವಿರೋಧಿಸಿದರು. ಯೆಹೂದಿಗಳಿಗೆ ಬೇರೊಂದು ದೇಶವಿದೆ ಎಂದ ಕೂಡಲೇ ಅವರು ಹುಟ್ಟಿ ಬೆಳೆದ ದೇಶಗಳು ಅವರನ್ನು ಪರಕೀಯರೆಂದು ಹೊರಹಾಕಲು ನೆಪ ಸಿಕ್ಕಂತಾಗುತ್ತದೆ ಎಂಬುದು ಅವರ ಭಯವಾಗಿತ್ತು. ಘೋಷಣೆ ಹೊರಬಿದ್ದಾಗ ಅವರು ಭಾರತದ ಹಾದಿಯಲ್ಲಿದ್ದರು.

ಹೊರಗಿನವರೆಂದಾಗ ಬ್ರಿಟಿಷರನ್ನು ಮಾತ್ರ ಬೊಟ್ಟು ಮಾಡಿ ನಾವು ಪಾರಾಗುವಂತಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಬಂದರನ್ನು ತುರ್ಕರಿಂದ ಗೆದ್ದವರು ಜೋಧಪುರ ಮತ್ತು ಮೈಸೂರು ಸಂಸ್ಥಾನದ ಅಶ್ವಾರೋಹಿಗಳು. ಜೋಧಪುರದವರು ಬಯಲಿನಲ್ಲಿ ಭರ್ಜಿ ಹಿಡಿದು ನುಗ್ಗಿದರೆ, ಮೈಸೂರು ಲ್ಯಾನ್ಸರ್ಸ್ ಪಡೆಯವರು ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರು ಹತ್ತಿ ಫಿರಂಗಿಗಳ ಬಾಯಿ ಮುಚ್ಚಿಸಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಅವರ ಶೌರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆ ಊರು ಮುಂದೆ ಯಾರದ್ದಾಗುತ್ತದೆಂದು ಅವರನ್ನು ಯಾರೂ ಕೇಳಲಿಲ್ಲ, ಊರಿನವರನ್ನೂ ಕೇಳಲಿಲ್ಲ. ನಾಲ್ಕು ವರ್ಷಗಳಲ್ಲಿ ರಾಷ್ಟ್ರಸಂಘವು ಬಾಲ್‌ಫೋರ್ ಘೋಷಣೆಯನ್ನು ಸೇರಿಸಿಯೇ ಪ್ಯಾಲೆಸ್ಟೀನಿನ ಆಡಳಿತವನ್ನು ಬ್ರಿಟನ್ನಿಗೆ ಒಪ್ಪಿಸಿತು.

ನೆಲ ಕೈಬದಲಾದದ್ದು ಹೇಗೆಂಬುದನ್ನು ನಿಮಗೆ ವಿವರಿಸುವುದು ಸುಲಭ, ಏಕೆಂದರೆ ನಿಮ್ಮ ಕಡೆಯವರು ಗೇಣಿಯ ಕಷ್ಟ ಕಂಡವರು. 1858ರಲ್ಲಿ ಒಟ್ಟೋಮನ್ ಸರ್ಕಾರ ಜಮೀನನ್ನು ಹೆಸರಿಗೆ ನೋಂದಾಯಿಸಿಕೊಳ್ಳಿ ಎಂದು ಕಾನೂನು ಮಾಡಿತು. ಹೆಸರು ಬರೆಸಿದರೆ ತೆರಿಗೆ ಬೀಳುತ್ತದೆ, ಮಗನನ್ನು ಸೈನ್ಯಕ್ಕೆ ಎಳೆಯುತ್ತಾರೆ ಎಂದು ಹೆದರಿ ಎಷ್ಟೋ ರೈತರು ಸುಮ್ಮನಿದ್ದರು. ಹೀಗೆ ಊರಿಗೆ ಊರೇ ಪಟ್ಟಣದ ಧಣಿಗಳ ಹೆಸರಿಗೆ ದಾಖಲಾಯಿತು. ಜೆಜ್ರೀಲ್ ಕಣಿವೆಯ ಬಹುಪಾಲು ಬೈರೂತಿನಲ್ಲಿ ಕೂತ ಸುರ್ಸೋಕ್ ಎಂಬ ಶ್ರೀಮಂತ ಕುಟುಂಬದ್ದಾಗಿತ್ತು. 1920ರ ದಶಕದಲ್ಲಿ ಅವರು ಅದನ್ನು ಝಿಯೋನಿಸ್ಟ್ ಸಂಸ್ಥೆಗಳಿಗೆ ಮಾರಿದರು. ದಾಖಲೆ ಸರಿಯಾಗಿತ್ತು, ಹಣ ಪೂರ್ತಿ ಸಂದಿತ್ತು, ಮೋಸವೇನೂ ಇರಲಿಲ್ಲ. ಆದರೆ ಆ ಮಣ್ಣು ಉಳುತ್ತಿದ್ದ ಒಕ್ಕಲುಗಳು ಗಂಟುಮೂಟೆ ಕಟ್ಟಬೇಕಾಯಿತು; ಕೆಲವರಿಗೆ ಕೈಗಿಷ್ಟು ಹಣ ಸಿಕ್ಕಿತು. ಕೊಂಡ ಯೆಹೂದಿ ರಾಷ್ಟ್ರೀಯ ನಿಧಿಯ ನಿಯಮದ ಪ್ರಕಾರ ಆ ಭೂಮಿಯನ್ನು ಮತ್ತೆಂದೂ ಮಾರುವಂತಿಲ್ಲ, ಅದರ ಮೇಲೆ ಯೆಹೂದಿಗಳನ್ನು ಬಿಟ್ಟು ಬೇರೆ ಆಳುಗಳನ್ನು ಹಚ್ಚುವಂತಿಲ್ಲ. 1930ರಲ್ಲಿ ಬ್ರಿಟಿಷ್ ಅಧಿಕಾರಿ ಹೋಪ್ ಸಿಂಪ್ಸನ್ ತಮ್ಮ ವರದಿಯಲ್ಲಿ ಇದನ್ನೇ ಎತ್ತಿ ಹೇಳಿದರು: ಒಮ್ಮೆ ಕೈಬಿಟ್ಟ ನೆಲದಿಂದ ಅರಬ ರೈತನಿಗೆ ಶಾಶ್ವತವಾಗಿ ಏನೂ ದಕ್ಕುವುದಿಲ್ಲ. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಬಂದಾಗ ನಮೂನೆ 7 ತುಂಬಿ ಭೂನ್ಯಾಯ ಮಂಡಳಿಯ ಎದುರು ನಿಂತ ಹಿರಿಯರು ನಿಮ್ಮ ಊರಲ್ಲಿ ಈಗಲೂ ಇರಬಹುದು. ಆರ್‌ಟಿಸಿಯಲ್ಲಿ ಹೆಸರಿದ್ದವನು ಒಡೆಯನೋ, ಉತ್ತವನು ಒಡೆಯನೋ ಎಂಬ ಪ್ರಶ್ನೆಗೆ ಅವರು ಏನು ಉತ್ತರ ಕೊಡುತ್ತಾರೆಂದು ಕೇಳಿ ನೋಡಿ.

ಬಂದು ನೆಲೆಸಿದವರ ದುಡಿಮೆಯನ್ನೂ ಹೇಳಬೇಕು. ಅದೇ ಕಣಿವೆಯ ಜವುಗು ಬಸಿದು, ಮಲೇರಿಯಾಕ್ಕೆ ಜೀವ ಕೊಟ್ಟು, ನಹಲಾಲ್, ಏನ್ ಹರೋದ್‌ನಂತಹ ಊರುಗಳನ್ನು ಅವರು ಕಟ್ಟಿದರು. ದೊಂಬಿಯಿಂದ ತಪ್ಪಿಸಿಕೊಂಡು ಬಂದ ಇಪ್ಪತ್ತರ ಹರೆಯದ ಹುಡುಗ ಹುಡುಗಿಯರು ಅವರು, ಯಾವ ಸಾಮ್ರಾಜ್ಯದ ಅಧಿಕಾರಿಗಳೂ ಅಲ್ಲ.

ಆಮೇಲೆ ಹಿಟ್ಲರ್ ಬಂದ. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಿಮ್ಮ ತಂಗಿಯ ಅಜ್ಜಿಯ ಕಥೆ ಇಲ್ಲಿಯದು. 1938ರ ಜುಲೈಯಲ್ಲಿ ಫ್ರಾನ್ಸಿನ ಎವಿಯಾಂ ಪಟ್ಟಣದ ಸರೋವರದ ದಂಡೆಯ ಹೋಟೆಲಿನಲ್ಲಿ 32 ದೇಶಗಳು ಸೇರಿದವು. ಜರ್ಮನಿ ಮತ್ತು ಆಸ್ಟ್ರಿಯಾದಿಂದ ತಪ್ಪಿಸಿಕೊಳ್ಳುತ್ತಿದ್ದ ಯೆಹೂದಿಗಳನ್ನು ಯಾರು ಸೇರಿಸಿಕೊಳ್ಳುತ್ತೀರಿ ಎಂಬುದೇ ಪ್ರಶ್ನೆ. ಒಬ್ಬೊಬ್ಬರಾಗಿ ಎದ್ದು ಅನುಕಂಪ ಸೂಚಿಸಿದರು, ಕೂತರು. ನಮ್ಮಲ್ಲಿ ಜನಾಂಗೀಯ ಸಮಸ್ಯೆಯೇ ಇಲ್ಲ, ಹೊಸದಾಗಿ ಆಮದು ಮಾಡಿಕೊಳ್ಳುವ ಇಚ್ಛೆಯೂ ಇಲ್ಲ ಎಂದದ್ದು ಆಸ್ಟ್ರೇಲಿಯಾದ ಪ್ರತಿನಿಧಿ. ದೊಡ್ಡ ಸಂಖ್ಯೆಯಲ್ಲಿ ಕರೆದುಕೊಳ್ಳುತ್ತೇವೆ ಎಂದದ್ದು ಪುಟ್ಟ ಡೊಮಿನಿಕನ್ ಗಣರಾಜ್ಯ ಒಂದೇ. ಮುಂದೆ ಇಸ್ರೇಲಿನ ಪ್ರಧಾನಿಯಾದ ಗೋಲ್ಡಾ ಮೇಯರ್ ಅಲ್ಲಿ ವೀಕ್ಷಕಿಯಾಗಿ ಕೂತು, ಮಾತನಾಡುವ ಹಕ್ಕಿಲ್ಲದೆ ಇದನ್ನೆಲ್ಲ ಕೇಳಿಸಿಕೊಂಡರು. ಮರುವರ್ಷ 937 ಪ್ರಯಾಣಿಕರನ್ನು ಹೊತ್ತ ಸೇಂಟ್ ಲೂಯಿಸ್ ಹಡಗನ್ನು ಕ್ಯೂಬಾ ಒಳಗೆ ಬಿಡಲಿಲ್ಲ, ಅಮೆರಿಕವೂ ಬಿಡಲಿಲ್ಲ. ಮಯಾಮಿಯ ದೀಪಗಳನ್ನು ದೂರದಿಂದ ನೋಡಿ ಅದು ಯುರೋಪಿಗೆ ಮರಳಿತು. ಅದರಲ್ಲಿದ್ದ 254 ಜನ ಮುಂದೆ ಹತ್ಯಾಕಾಂಡಕ್ಕೆ ಬಲಿಯಾದರು. 1942ರಲ್ಲಿ ಸ್ಟ್ರೂಮಾ ಎಂಬ ಹಳೆಯ ಹಡಗು ಇಸ್ತಾಂಬುಲ್ ಬಂದರಿನಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ನಿಂತಿತ್ತು. ಪ್ಯಾಲೆಸ್ಟೀನಿಗೆ ಹೋಗಲು ಬ್ರಿಟಿಷರು ಅನುಮತಿ ಕೊಡಲಿಲ್ಲ, ದಡಕ್ಕಿಳಿಯಲು ತುರ್ಕಿ ಬಿಡಲಿಲ್ಲ. ಕೊನೆಗೆ ಅದನ್ನು ಕಪ್ಪುಸಮುದ್ರಕ್ಕೆ ಎಳೆದು ಬಿಟ್ಟರು. ಸೋವಿಯತ್ ಜಲಾಂತರ್ಗಾಮಿಯ ಏಟಿಗೆ ಅದು ಮುಳುಗಿತು. ಎಂಟುನೂರರ ಹತ್ತಿರದ ಜನರಲ್ಲಿ ಬದುಕಿದವನು ಒಬ್ಬ.

ಬೆಂಗಳೂರಿನಲ್ಲೂ ಆಗ ಒಂದು ಬಾಗಿಲು ತೆರೆಯಿತು, ಇನ್ನೊಂದು ಮುಚ್ಚಿತು. ಜರ್ಮನಿಯಲ್ಲಿ ಕೆಲಸ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935ರಲ್ಲಿ ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರನ್ನು ಕಾಯಂ ಆಗಿ ಉಳಿಸಿಕೊಳ್ಳಲು ರಾಮನ್ ಪಟ್ಟ ಪ್ರಯತ್ನ ಫಲಿಸಲಿಲ್ಲ. ಕೆಲವೇ ತಿಂಗಳಲ್ಲಿ ಬಾರ್ನ್ ಹೊರಟುಹೋದರು. ಬರ್ಲಿನ್ನಿನಿಂದ ತಪ್ಪಿಸಿಕೊಂಡ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಅವರನ್ನು ಮಾತ್ರ 1939ರಲ್ಲಿ ಮೈಸೂರು ಸಂಸ್ಥಾನ ತನ್ನ ಮುಖ್ಯ ವಾಸ್ತುಶಿಲ್ಪಿಯಾಗಿ ನೇಮಿಸಿಕೊಂಡಿತು. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರ ಕಟ್ಟಡಗಳು ಇಂದಿಗೂ ನಿಂತಿವೆ. ಹೊರಗಿನವರ ಬೆಂಬಲ ಎಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಆ ನೇಮಕಾತಿ. ಪ್ಯಾಲೆಸ್ಟೀನ್ ಕೊಡಲು ಯಾರ ಸ್ವಂತದ್ದೂ ಆಗಿರಲಿಲ್ಲ. ತಮ್ಮ ತಮ್ಮ ಮನೆಬಾಗಿಲು ಮಾತ್ರ ಪ್ರತಿಯೊಬ್ಬರ ಕೈಯಲ್ಲೂ ಇತ್ತು. ಜಗತ್ತು ತನ್ನದಲ್ಲದ್ದನ್ನು ಧಾರೆ ಎರೆದು ತನ್ನದನ್ನು ಭದ್ರವಾಗಿ ಮುಚ್ಚಿಕೊಂಡಿತು. ಆ ಬಾಕಿಯನ್ನು ತೀರಿಸಲು ಬಿಟ್ಟದ್ದು ಪ್ಯಾಲೆಸ್ಟೀನಿನ ರೈತನಿಗೆ. ಯುರೋಪಿನ ಪಾಪದಲ್ಲಿ ಅವನ ಕೈ ಇರಲಿಲ್ಲ.

ಭಾವ ಹೇಳುವ ಗಾಂಧೀಜಿಯ ಮಾತು ನಿಜ. 1938ರ ನವೆಂಬರ್ 26ರ ‘ಹರಿಜನ’ ಪತ್ರಿಕೆಯಲ್ಲಿ, ಇಂಗ್ಲೆಂಡ್ ಹೇಗೆ ಇಂಗ್ಲಿಷರದ್ದೋ ಪ್ಯಾಲೆಸ್ಟೀನ್ ಹಾಗೆ ಅರಬರದ್ದು ಎಂದು ಅವರು ಬರೆದರು. ನನ್ನ ಪೂರ್ತಿ ಅನುಕಂಪ ಯೆಹೂದಿಗಳ ಕಡೆಗಿದೆ, ಆದರೆ ಅದು ನ್ಯಾಯಕ್ಕೆ ಕುರುಡಾಗಬಾರದು ಎಂದೂ ಅಲ್ಲೇ ಹೇಳಿದರು. ಜರ್ಮನಿಯ ಯೆಹೂದಿಗಳು ಸತ್ಯಾಗ್ರಹ ಹೂಡಲಿ ಎಂದು ಸಲಹೆ ಕೊಟ್ಟದ್ದೂ ಅದೇ ಲೇಖನದಲ್ಲಿ. ಗಾಂಧೀಜಿಯನ್ನು ಹೃದಯದಲ್ಲಿಟ್ಟುಕೊಂಡವನಾಗಿಯೇ ಹೇಳುತ್ತೇನೆ, ಆ ಸಲಹೆ ತಪ್ಪಾಗಿತ್ತು. ಜೆರುಸಲೇಮಿನಲ್ಲಿದ್ದ ತತ್ತ್ವಜ್ಞಾನಿ ಮಾರ್ಟಿನ್ ಬೂಬರ್ ಮೂರು ತಿಂಗಳ ನಂತರ ಅವರಿಗೆ ಬರೆದರು: ದಕ್ಷಿಣ ಆಫ್ರಿಕಾದಲ್ಲಿ ನೀವು ಹೋರಾಡುವಾಗ ಆ ಒಂದೂವರೆ ಲಕ್ಷ ಭಾರತೀಯರ ಬೆನ್ನಿಗೆ ಕೋಟಿಗಟ್ಟಲೆ ಜನರ ಒಂದು ಭಾರತವಿತ್ತು, ನಮಗೆ ಅಂಥ ತಾಯಿನೆಲ ಎಲ್ಲಿದೆ? ತಾಯ್ನಾಡಿನ ಪರವಾಗಿ ನಾನು ಓದಿದ ಮಾತುಗಳಲ್ಲಿ ಇದಕ್ಕಿಂತ ಬಲವಾದದ್ದು ಇನ್ನೊಂದಿಲ್ಲ. ಅದೇ ಬೂಬರ್ ಅರಬರನ್ನು ಬಗ್ಗುಬಡಿದು ದೇಶ ಕಟ್ಟುವುದನ್ನು ಕೊನೆಯವರೆಗೂ ಒಪ್ಪಲಿಲ್ಲ. ಎರಡೂ ಜನ ಸಮಾನರಾಗಿ ಹಂಚಿಕೊಳ್ಳುವ ಒಂದೇ ನಾಡು ಬೇಕೆಂದರು. ಭಾವನಿಗೆ ಗಾಂಧೀಜಿಯ ಲೇಖನದ ಜೊತೆಗೆ ಬೂಬರ್ ಅವರ ಉತ್ತರವನ್ನೂ ಓದಲು ಹೇಳಿ.

1947ರ ಜೂನ್‌ನಲ್ಲಿ ಐನ್‌ಸ್ಟೈನ್ ನೆಹರೂ ಅವರಿಗೆ ಪತ್ರ ಬರೆದು ಯೆಹೂದಿಗಳಿಗೆ ಬೆಂಬಲ ಕೇಳಿದರು. ನೆಹರೂ ಗೌರವದಿಂದಲೇ ಉತ್ತರಿಸುತ್ತ, ಇಷ್ಟು ಒಳ್ಳೆಯ ಕೆಲಸ ಮಾಡಿಯೂ ಅರಬರ ವಿಶ್ವಾಸ ಗಳಿಸಲು ಏಕೆ ಆಗಲಿಲ್ಲ, ಅವರ ಇಷ್ಟಕ್ಕೆ ವಿರುದ್ಧವಾಗಿ ಒಪ್ಪಿಸುವುದೇಕೆ ಎಂದು ಕೇಳಿದರು. ವಿಶ್ವಸಂಸ್ಥೆಯ ಸಮಿತಿಯಲ್ಲಿ ಭಾರತ, ಇರಾನ್, ಯುಗೊಸ್ಲಾವಿಯಾ ಸೇರಿ ಒಂದೇ ಒಕ್ಕೂಟ ರಾಜ್ಯದ ಯೋಜನೆ ಮುಂದಿಟ್ಟವು. ಬಹುಮತ ಸಿಕ್ಕಿದ್ದು ವಿಭಜನೆಗೆ. ನವೆಂಬರ್ 29ರಂದು 33 ದೇಶಗಳು ಪರ, ಭಾರತ ಸೇರಿ 13 ವಿರೋಧ, 10 ತಟಸ್ಥ. ಜನಸಂಖ್ಯೆಯಲ್ಲಿ ಮೂರನೆಯ ಒಂದು ಭಾಗವಿದ್ದ ಯೆಹೂದಿಗಳಿಗೆ ಅರ್ಧಕ್ಕಿಂತ ಹೆಚ್ಚು ನೆಲ ಗೊತ್ತಾಯಿತು. ಮೂರು ತಿಂಗಳ ಹಿಂದಷ್ಟೇ ಪಂಜಾಬಿನಲ್ಲಿ ರಕ್ತದ ಹೊಳೆ ಕಂಡ ದೇಶ ಗೆರೆ ಎಳೆಯುವುದು ಬೇಡ ಎಂದದ್ದು ಅನುಭವದ ಮಾತು. ಆದರೆ ಆ ಒಕ್ಕೂಟವನ್ನು ನಡೆಸಲು ಬೇಕಾದ ನಂಬಿಕೆ ಅಲ್ಲಿ ಯಾವ ಕಡೆಯೂ ಉಳಿದಿರಲಿಲ್ಲ ಎಂಬುದನ್ನೂ ನಾನು ಒಪ್ಪುತ್ತೇನೆ.

ವಿಭಜನೆಯ ಬೆನ್ನಲ್ಲೇ ಹೊತ್ತಿಕೊಂಡ, ಇಸ್ರೇಲ್ ದೇಶ ಹುಟ್ಟಿದ 1948ರ ಯುದ್ಧ ಮುಗಿಯುವ ಹೊತ್ತಿಗೆ ಏಳು ಲಕ್ಷದಷ್ಟು ಪ್ಯಾಲೆಸ್ಟೀನಿಯರು ನಿರಾಶ್ರಿತರಾಗಿದ್ದರು, ನಾನೂರಕ್ಕೂ ಹೆಚ್ಚು ಹಳ್ಳಿಗಳು ಬರಿದಾಗಿದ್ದವು. ಏಪ್ರಿಲ್ 9ರಂದು ದೇರ್ ಯಾಸಿನ್ ಹಳ್ಳಿಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಯೆಹೂದಿ ಪಡೆಗಳು ಕೊಂದವು. ನಾಲ್ಕೇ ದಿನಗಳಲ್ಲಿ ಹದಸ್ಸಾ ಆಸ್ಪತ್ರೆಗೆ ಹೊರಟ ವಾಹನಗಳ ಸಾಲನ್ನು ಅರಬರು ಅಡ್ಡಗಟ್ಟಿ ವೈದ್ಯರು, ದಾದಿಯರು ಸೇರಿ 78 ಜನರನ್ನು ಕೊಂದರು. ಮೈಸೂರಿನ ಸವಾರರು ಹೊಕ್ಕಿದ್ದ ಅದೇ ಹೈಫಾದಲ್ಲಿ ಯೆಹೂದಿ ಮೇಯರ್ ಶಬ್ತಾಯ್ ಲೆವಿ ಅರಬ ಮುಖಂಡರ ಮುಂದೆ ‘ಹೋಗಬೇಡಿ, ಇಲ್ಲೇ ಇರಿ’ ಎಂದು ಅಂಗಲಾಚಿದರು. ಊರಿನ ಅರಬರಲ್ಲಿ ಉಳಿದವರು ಕೆಲವೇ ಸಾವಿರ. ಹೋದವರು ಕೆಲವು ದಿನಗಳಲ್ಲಿ ಮರಳುತ್ತೇವೆಂದು ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಒಯ್ದರು. ಲೆಬನಾನಿನ ಶಿಬಿರಗಳಲ್ಲಿ ಆ ತುಕ್ಕು ಹಿಡಿದ ದಪ್ಪ ಕೀಲಿಗಳು ಈಗ ಮೊಮ್ಮಕ್ಕಳ ಮನೆಯ ಗೋಡೆಯ ಮೇಲಿವೆ. ಮರಳಲು ಇಸ್ರೇಲ್ ಬಿಡಲಿಲ್ಲ.

ಭಾವ ಮರೆಯುವ ಇನ್ನೊಂದು ಸಂಗತಿಯಿದೆ. ಮುಂದಿನ ವರ್ಷಗಳಲ್ಲಿ ಇರಾಕ್, ಯೆಮೆನ್, ಈಜಿಪ್ಟ್, ಮೊರಾಕ್ಕೊಗಳಿಂದ ಎಂಟು ಲಕ್ಷದಷ್ಟು ಯೆಹೂದಿಗಳು ಹೊರಬಿದ್ದರು. ಇರಾಕಿನಲ್ಲಿ ಸಾವಿರಾರು ವರ್ಷ ಬಾಳಿದ ಸಮುದಾಯ 1950–51ರಲ್ಲಿ ಹೆಚ್ಚುಕಡಿಮೆ ಪೂರ್ತಿ ಖಾಲಿಯಾಯಿತು. ಹೋದವರ ಪೌರತ್ವ ಕಿತ್ತುಕೊಂಡು ಆಸ್ತಿಯನ್ನೂ ಸರ್ಕಾರ ತಡೆಹಿಡಿಯಿತು. ಇಂದಿನ ಇಸ್ರೇಲಿ ಯೆಹೂದಿಗಳಲ್ಲಿ ಬಹುದೊಡ್ಡ ಭಾಗ ಇವರ ಮಕ್ಕಳು ಮೊಮ್ಮಕ್ಕಳು. ‘ಬಂದಲ್ಲಿಗೆ ಹೋಗಿ’ ಎಂದರೆ ಇವರು ಹೋಗಬೇಕಾದದ್ದು ಎಲ್ಲಿಗೆ? ನಮ್ಮ ಕೊಂಕಣ ಕರಾವಳಿಯಲ್ಲಿ ಗಾಣದ ಎಣ್ಣೆ ತೆಗೆಯುತ್ತ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ಗಳೆಂದು ಕರೆಸಿಕೊಂಡ ಬೆನೆ ಇಸ್ರೇಲ್ ಜನ, ಕೊಚ್ಚಿಯ ಯೆಹೂದಿಗಳು, ಯಾರ ಕಿರುಕುಳವೂ ಇಲ್ಲದಿದ್ದರೂ ಬಹುಪಾಲು ಅಲ್ಲಿಗೇ ಹೋದರು. ಆ ನೆಲದ ಸೆಳೆತ ಬರೀ ಭಯದಿಂದ ಹುಟ್ಟಿದ್ದಲ್ಲ ಎನ್ನುವುದಕ್ಕೆ ನಮ್ಮ ಊರುಗಳೇ ಸಾಕ್ಷಿ.

ಇಂದು ಮೆಡಿಟರೇನಿಯನ್ ಸಮುದ್ರಕ್ಕೂ ಜೋರ್ಡಾನ್ ನದಿಗೂ ನಡುವೆ ಸುಮಾರು ಎಪ್ಪತ್ತು ಲಕ್ಷ ಯೆಹೂದಿಗಳಿದ್ದಾರೆ, ಸುಮಾರು ಅಷ್ಟೇ ಪ್ಯಾಲೆಸ್ಟೀನಿಯರಿದ್ದಾರೆ. ಇಬ್ಬರಲ್ಲಿ ಯಾರೂ ಎಲ್ಲಿಗೂ ಹೋಗುವವರಲ್ಲ. 1950ರಲ್ಲಿ ಇಸ್ರೇಲಿಗೆ ಮಾನ್ಯತೆ ಕೊಟ್ಟ ಭಾರತ 1988ರಲ್ಲಿ ಪ್ಯಾಲೆಸ್ಟೀನಿಗೂ ಕೊಟ್ಟಿತು, 1992ರಲ್ಲಿ ಇಸ್ರೇಲಿನೊಂದಿಗೆ ಪೂರ್ಣ ರಾಯಭಾರ ಸಂಬಂಧ ಬೆಳೆಸಿತು. ಈ ಎರಡೂ ಮಾನ್ಯತೆಗಳನ್ನು ಒಟ್ಟಿಗೆ ಹಿಡಿದುಕೊಂಡಿರುವುದು ನನಗೆ ಸರಿಯೆನಿಸುತ್ತದೆ. 2023ರ ಅಕ್ಟೋಬರ್ 7ರಂದು ಗಾಜಾವನ್ನು ಆಳುತ್ತಿದ್ದ ಸಶಸ್ತ್ರ ಸಂಘಟನೆ ಹಮಾಸ್ ಸುಮಾರು 1,200 ಜನರನ್ನು ಕೊಂದು 251 ಜನರನ್ನು ಒತ್ತೆಯಾಗಿ ಎಳೆದೊಯ್ದದ್ದು ಯಾವ ವಿಮೋಚನೆಯ ಹೆಸರಿನಲ್ಲೂ ಸಮರ್ಥನೆಯಾಗದ ಕ್ರೌರ್ಯ. ಅದಾದ ಮೇಲೆ ಗಾಜಾದಲ್ಲಿ ಮಕ್ಕಳು ಮರಿ ಸಹಿತ ಹತ್ತಾರು ಸಾವಿರ ಜನರನ್ನು ಕೊಂದು, ಊರುಗಳನ್ನು ನೆಲಸಮ ಮಾಡಿ, ಅನ್ನ ನೀರಿಗೂ ತಡೆಯೊಡ್ಡಿದ್ದನ್ನು ಆತ್ಮರಕ್ಷಣೆ ಎಂಬ ಒಂದು ಪದದಲ್ಲಿ ಮುಚ್ಚಲಾಗದು. ಅಕ್ಟೋಬರ್ 7 ಆಗದಿದ್ದರೂ, 1967ರ ಯುದ್ಧದಲ್ಲಿ ಇಸ್ರೇಲ್ ಹಿಡಿದುಕೊಂಡ ಜೋರ್ಡಾನ್ ನದಿಯ ಪಶ್ಚಿಮ ದಂಡೆಯ ಪ್ರಶ್ನೆ ಇದ್ದೇ ಇರುತ್ತಿತ್ತು.

ನಿಮ್ಮ ಪ್ರಾರ್ಥನಾ ಕೂಟ ಹಣ ಎತ್ತುತ್ತಿರುವುದು ಬಹುಶಃ ಅಲ್ಲಿಗೇ. ಮೊದಲು ಒಂದು ಪ್ರಶ್ನೆ ಕೇಳಿ: ಆ ಹೊಸ ಊರು 1949ರ ಕದನವಿರಾಮದ ಗೆರೆಯ ಯಾವ ಬದಿಗಿದೆ? ಗೆರೆಯ ಪೂರ್ವಕ್ಕೆ, 1967ರಲ್ಲಿ ಆಕ್ರಮಿಸಿಕೊಂಡ ನೆಲದಲ್ಲಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪೂರ್ವ ಜೆರುಸಲೇಮನ್ನು ಬಿಟ್ಟೇ ಪಶ್ಚಿಮ ದಂಡೆಯ ಅಂಥ ವಸಾಹತುಗಳಲ್ಲಿ ಐದು ಲಕ್ಷದಷ್ಟು ಜನರಿದ್ದಾರೆ. ಆಕ್ರಮಿತ ಪ್ರದೇಶಕ್ಕೆ ತನ್ನ ಪ್ರಜೆಗಳನ್ನು ತಂದು ಕೂರಿಸಬಾರದೆಂದು ಜಿನೀವಾ ಒಪ್ಪಂದ ಹೇಳುತ್ತದೆ. 2024ರ ಜುಲೈಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೂ ಅಲ್ಲಿ ಇಸ್ರೇಲಿನ ಇರುವಿಕೆಯೇ ಕಾನೂನುಬಾಹಿರ ಎಂದು ಅಭಿಪ್ರಾಯ ಕೊಟ್ಟಿದೆ. ಅಲ್ಲಿ ಒಂದೇ ರಸ್ತೆಯ ಪಕ್ಕದ ಇಬ್ಬರಿಗೆ ಎರಡು ಕಾನೂನು: ವಸಾಹತಿನವನಿಗೆ ನಾಗರಿಕ ನ್ಯಾಯಾಲಯ, ಎದುರಿನ ಆಲಿವ್ ತೋಟದವನಿಗೆ ಮಿಲಿಟರಿ ನ್ಯಾಯಾಲಯ. ಇದು ತಾಯ್ನಾಡಿನ ಹಂಬಲಕ್ಕೆ ಸೇರಿದ್ದೆಂದು ನಾನು ಒಪ್ಪಲಾರೆ. ತಾಯ್ನಾಡು ಗೆರೆಯ ಈಚೆ ಇದೆ, ಗಟ್ಟಿಯಾಗಿಯೇ ಇದೆ.

ವಾಗ್ದತ್ತ ದೇಶದ ಮಾತು ಬಂದರೆ ಕೂಟದ ಹಿರಿಯರೊಡನೆ ವಾದಕ್ಕಿಳಿಯಬೇಡಿ. ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯ ತೆಗೆಯಲು ಹೇಳಿ. ಭೂಮಿ ನನ್ನದು, ನೀವು ನನ್ನ ಬಳಿ ಪರದೇಶಿಗಳೂ ಪ್ರವಾಸಿಗಳೂ ಆಗಿದ್ದೀರಿ ಎಂದು ದೇವರು ಇಸ್ರಾಯೇಲ್ಯರಿಗೆ ಹೇಳುವ ಮಾತು ಅಲ್ಲಿದೆ. ಕೊಡಲೇಬೇಕೆಂಬ ಮನಸ್ಸಿದ್ದರೆ, ಲತ್ರೂನ್ ಬಳಿ ಒಂದು ಊರಿದೆ. ಹೀಬ್ರೂವಿನಲ್ಲಿ ನೆವೆ ಶಾಲೋಮ್, ಅರಬ್ಬಿಯಲ್ಲಿ ವಾಹತ್ ಅಸ್ಸಲಾಮ್. ಶಾಂತಿಯ ನೆಲೆ ಎಂದರ್ಥ. ಯೆಹೂದಿಯಾಗಿ ಹುಟ್ಟಿ ಡೊಮಿನಿಕನ್ ಸಭೆಯ ಕ್ಯಾಥೊಲಿಕ್ ಪಾದ್ರಿಯಾದ ಬ್ರೂನೊ ಹುಸ್ಸಾರ್ ಅದನ್ನು ಆರಂಭಿಸಿದರು. ಯೆಹೂದಿ ಮತ್ತು ಅರಬ ಕುಟುಂಬಗಳು ಸ್ವಇಚ್ಛೆಯಿಂದ ಒಟ್ಟಿಗೆ ವಾಸಿಸುವ ಆ ಊರಿನ ಶಾಲೆಯಲ್ಲಿ ಮಕ್ಕಳು ಎರಡೂ ಭಾಷೆಯಲ್ಲಿ ಓದುತ್ತಾರೆ.

ಇನ್ನು ನಿಮ್ಮ ತಂಗಿ. ಅವಳು ಯಾರ ಮನೆಯನ್ನೂ ಕಿತ್ತುಕೊಂಡಿಲ್ಲ; ಸೈರನ್ ಕೂಗಿದಾಗ ನಡೆಯಲಾಗದ ಒಬ್ಬ ಮುದುಕಿಯನ್ನು ತೋಳಲ್ಲಿ ಎತ್ತಿಕೊಂಡು ಸುರಕ್ಷಾ ಕೋಣೆಗೆ ಓಡಿದ್ದಾಳೆ. ಆ ಮುದುಕಿಯನ್ನು ಆಸ್ಪತ್ರೆಗೆ ಕರೆದೊಯ್ದಾಗ ಔಷಧಿ ಕೊಡುವವರು, ಸೂಜಿ ಚುಚ್ಚುವವರು ಎಷ್ಟೋ ಸಲ ಅರಬರೇ ಆಗಿರುತ್ತಾರೆ. ಇಸ್ರೇಲಿನ ಪ್ರಜೆಗಳಲ್ಲಿ ಐದರಲ್ಲಿ ಒಬ್ಬರು ಅವರು. ಅಲ್ಲಿನ ಆಸ್ಪತ್ರೆಗಳು ಅವರಿಲ್ಲದೆ ನಡೆಯುವುದಿಲ್ಲ. ನಿಮ್ಮ ಮನೆಯಲ್ಲಿ ಈ ಇಬ್ಬರನ್ನೂ ಹತ್ತಿರದಿಂದ ಕಂಡವಳು ಅವಳೊಬ್ಬಳೇ. ಮುಂದಿನ ರಜೆಗೆ ಅವಳು ಊರಿಗೆ ಬಂದಾಗ ಭಾವನನ್ನೂ ಕೂಟದ ಹಿರಿಯರನ್ನೂ ಒಂದು ಸಂಜೆ ಮನೆಗೆ ಕರೆಯಿರಿ, ಮೊದಲು ಅವಳು ಮಾತನಾಡಲಿ.